ಕ್ಯಾಶ್ ಕ್ರೆಡಿಟ್ (ಸಿ.ಸಿ.) ಸಾಲವಿರುವ ಕಂಪನಿಯ ಖಾತೆಗಳನ್ನು ಬೇರೆ ಬ್ಯಾಂಕಿಗೆ ಒಯ್ಯುವಾಗ ಯಾವ ಕೆಲಸ ಮೊದಲು, ಯಾವುದು ನಂತರ?

ಉದ್ಯಮಬಾಗ್ ಉದ್ಯಮಿ, ಬೆಳಗಾವಿ:

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಎರಕದ ಭಾಗಗಳನ್ನು ಫೌಂಡ್ರಿಗಳಿಂದ ತರಿಸಿ, ಮಷೀನಿಂಗ್ ಮಾಡಿ, ಪಂಪು ಮತ್ತು ವಾಲ್ವ್ ತಯಾರಕರಿಗೆ ಪೂರೈಸುತ್ತೇವೆ. ಸರ್ಕಾರಿ ನಿಗಮಗಳ ಟೆಂಡರುಗಳಲ್ಲೂ ಸ್ವಲ್ಪಮಟ್ಟಿಗೆ ಭಾಗವಹಿಸುತ್ತೇವೆ. ಈಗಿನ ಬ್ಯಾಂಕಿನಲ್ಲಿ ನಮಗೆ ಎರಡು ಕೋಟಿ ರೂಪಾಯಿಯ ಕ್ಯಾಶ್ ಕ್ರೆಡಿಟ್ (ಬೇಕಾದಾಗ ತೆಗೆದು, ಬಂದಾಗ ಮರಳಿ ಕಟ್ಟುವ ಸಾಲ) ಮಿತಿ, ಸಿಎನ್‌ಸಿ ಯಂತ್ರದ ಮೇಲಿನ ಒಂದು ಅವಧಿ ಸಾಲ ಮತ್ತು ಕೆಲವು ಬ್ಯಾಂಕ್ ಗ್ಯಾರಂಟಿಗಳು (ನಾವು ಒಪ್ಪಂದ ತಪ್ಪಿದರೆ ಬ್ಯಾಂಕೇ ಹಣ ಕೊಡುವ ಭರವಸೆ ಪತ್ರಗಳು) ಇವೆ. ಕಾರ್ಖಾನೆಯ ಜಾಗದ ಮೂಲ ಪತ್ರಗಳೂ ಅಲ್ಲಿಯೇ ಅಡಮಾನವಾಗಿವೆ.

ಮೊದಲು ನಮ್ಮ ಕಡತವನ್ನು ಶಾಖೆಯ ವ್ಯವಸ್ಥಾಪಕರೇ ನೋಡುತ್ತಿದ್ದರು, ಅವರಿಗೆ ನಮ್ಮ ವ್ಯವಹಾರವೂ ಗೊತ್ತಿತ್ತು. ಈಗ ಕಡತ ಬೇರೆ ಊರಿನ ಸಾಲ ಕೇಂದ್ರಕ್ಕೆ ಹೋಗುತ್ತದೆ. ಕಳೆದ ಬಾರಿ ನವೀಕರಣ ತಡವಾಗಿ, ಮಿತಿ ಇದ್ದರೂ ಹಣ ತೆಗೆಯಲಾಗದೆ ಫೌಂಡ್ರಿಯವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಇನ್ನೊಂದು ಬ್ಯಾಂಕು ಕಡಿಮೆ ಬಡ್ಡಿಗೆ ಸಾಲವನ್ನು ವಹಿಸಿಕೊಳ್ಳಲು ಮುಂದೆ ಬಂದಿದೆ. ಅವರ ಪ್ರತಿನಿಧಿ ಎಲ್ಲವನ್ನೂ ತಾವೇ ಮಾಡಿಕೊಡುವುದಾಗಿ ಹೇಳುತ್ತಾರೆ. ಆದರೆ ಸಂಬಳ, ತೆರಿಗೆ, ಗ್ರಾಹಕರ ಪಾವತಿ, ಗ್ಯಾರಂಟಿ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವಾಗ ಎಲ್ಲಿಂದ ಬಿಡಿಸಲು ತೊಡಗಬೇಕೆಂಬುದು ನನಗೆ ಸ್ಪಷ್ಟವಾಗುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಶಾಖಾ ವ್ಯವಸ್ಥಾಪಕ, ಉಡುಪಿ:

ಮಾನ್ಯರೇ, ಹೊಸ ಬ್ಯಾಂಕಿನ ಪ್ರತಿನಿಧಿ ಮಾಡಿಕೊಡುವುದು ಹೊಸ ಖಾತೆಯನ್ನು ತೆರೆಯುವ ಕೆಲಸವನ್ನು ಮಾತ್ರ. ಹಳೆಯ ಖಾತೆಯಿಂದ ಕಂಪನಿಯನ್ನು ಬಿಡಿಸಿಕೊಳ್ಳುವ ಕೆಲಸ ಪೂರ್ತಿಯಾಗಿ ನಿಮ್ಮದೇ, ಕಷ್ಟವಿರುವುದೂ ಅಲ್ಲಿಯೇ. ಆದ್ದರಿಂದ ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಹಳೆಯ ಶಾಖೆಗೆ ಲಿಖಿತವಾಗಿ ಏನನ್ನೂ ಕೊಡಬೇಡಿ. ಪ್ರತಿನಿಧಿಯ ಮಾತು ಮಂಜೂರಾತಿಯಲ್ಲ, ತಾತ್ವಿಕ ಒಪ್ಪಿಗೆಯೂ ಮಂಜೂರಾತಿಯಲ್ಲ. ಬಡ್ಡಿದರ, ಆಧಾರಭದ್ರತೆ, ಗ್ಯಾರಂಟಿ ಮಿತಿ, ಷರತ್ತುಗಳು ಎಲ್ಲವೂ ಇರುವ, ಸಹಿಯಾದ ಪತ್ರವೇ ಮಂಜೂರಾತಿ.

ಹೊಸ ಬ್ಯಾಂಕು ನಿಮ್ಮ ಹಿಂದಿನ ಖಾತೆಯ ನಡವಳಿಕೆಯನ್ನು ನೋಡುತ್ತದೆ. ಚೆಕ್ ಮರಳಿದ್ದು, ಮಿತಿ ಮೀರಿದ್ದು, ಸ್ಟಾಕ್ ಸ್ಟೇಟ್‌ಮೆಂಟ್ (ಬ್ಯಾಂಕಿಗೆ ಕೊಡುವ ಸರಕಿನ ಲೆಕ್ಕ) ತಡವಾಗಿದ್ದು ಎಲ್ಲವೂ ಅವರ ಕಣ್ಣಿಗೆ ಬೀಳುತ್ತವೆ. ಈಗಿನ ಬ್ಯಾಂಕಿನಿಂದ ಅಭಿಪ್ರಾಯ ಪತ್ರವನ್ನೂ ಕೇಳುತ್ತಾರೆ. ಹೀಗಾಗಿ ಬ್ಯಾಂಕು ಬದಲಿಸುವ ತಿಂಗಳುಗಳಲ್ಲಿ ಹಳೆಯ ಖಾತೆಯನ್ನು ಹಿಂದೆಂದಿಗಿಂತಲೂ ಅಚ್ಚುಕಟ್ಟಾಗಿ ನಡೆಸಬೇಕಾಗುತ್ತದೆ.

ಮಂಜೂರಾತಿಯಾದ ಮೇಲೆ ಕ್ರಮ ಹೀಗಿರುತ್ತದೆ. ಹಳೆಯ ಶಾಖೆಯಿಂದ ಒಂದು ನಿರ್ದಿಷ್ಟ ದಿನಾಂಕದವರೆಗಿನ ಬಾಕಿ ಪತ್ರವನ್ನು ಪಡೆಯಬೇಕು. ಆ ದಿನಾಂಕ ದಾಟಿದರೆ ದಿನಕ್ಕೆ ಎಷ್ಟು ಬಡ್ಡಿ ಸೇರುತ್ತದೆ, ಅವರ ವಶದಲ್ಲಿರುವ ಮೂಲ ಪತ್ರಗಳು ಯಾವುವು ಎಂಬುದು ಅದರಲ್ಲಿ ನಮೂದಾಗಿರಬೇಕು. ಹೊಸ ಬ್ಯಾಂಕು ಹಣವನ್ನು ನಿಮ್ಮ ಕೈಗೆ ಕೊಡುವುದಿಲ್ಲ, ನೇರವಾಗಿ ಹಳೆಯ ಸಾಲದ ಖಾತೆಗೆ ಆರ್‌ಟಿಜಿಎಸ್ ಮಾಡುತ್ತದೆ. ಹಣ ಹೋದ ದಿನದಿಂದ ಪತ್ರಗಳು ಕೈಗೆ ಬರುವ ದಿನದವರೆಗೆ ಹೊಸ ಬ್ಯಾಂಕಿನ ಬಳಿ ಸಾಲವಿರುತ್ತದೆ, ಆದರೆ ಅಡಮಾನ ಇರುವುದಿಲ್ಲ. ಆ ಅವಧಿಗೆ ಅವರು ಹೆಚ್ಚುವರಿ ಬಡ್ಡಿ ಹಾಕುವುದುಂಟು. ಮಂಜೂರಾತಿ ಪತ್ರದಲ್ಲಿ ಆ ಷರತ್ತನ್ನು ಹುಡುಕಿ ಓದಿ, ಅವಧಿಯನ್ನು ಮೊದಲೇ ಚರ್ಚಿಸಿ ಗೊತ್ತುಮಾಡಿಕೊಳ್ಳಿ.

ಸಾಲ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಮರಳಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಸುತ್ತೋಲೆಯನ್ನು ಅನೇಕ ಉದ್ಯಮಿಗಳು ನಂಬಿಕೊಂಡಿರುತ್ತಾರೆ. ಆ ಸುತ್ತೋಲೆ ಇರುವುದು ವೈಯಕ್ತಿಕ ಸಾಲಗಳಿಗೆ. ಕಂಪನಿಯ ಸಾಲಕ್ಕೆ ಅದರ ರಕ್ಷಣೆ ಇದೆಯೆಂದು ಲೆಕ್ಕ ಹಾಕಬೇಡಿ. ಪತ್ರಗಳು ಶಾಖೆಯಲ್ಲಿಯೇ ಇವೆಯೋ ಅಥವಾ ಕೇಂದ್ರೀಕೃತ ದಾಖಲೆ ಕೊಠಡಿಯಲ್ಲಿವೆಯೋ ಎಂಬುದನ್ನು ಹಣ ಹೋಗುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ:

ಸರ್ ಹೇಳಿದ್ದಕ್ಕೆ ಕಾಗದಪತ್ರಗಳ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಮೊದಲು ನಿರ್ದೇಶಕ ಮಂಡಳಿಯ ಸಭೆ ಸೇರಿ ಠರಾವು ಮಾಡಬೇಕು. ಹೊಸ ಖಾತೆ ತೆರೆಯಲು, ಸಾಲ ಪಡೆಯಲು, ಯಾರು ಯಾವ ಮೊತ್ತದವರೆಗೆ ಸಹಿ ಮಾಡಬಹುದು ಎಂಬುದಕ್ಕೆ ಮತ್ತು ಹಳೆಯ ಖಾತೆಗಳನ್ನು ಮುಚ್ಚಲು ಬೇರೆ ಬೇರೆ ಠರಾವುಗಳಿದ್ದರೆ ಒಳ್ಳೆಯದು. ಎಲ್ಲವನ್ನೂ ಒಂದೇ ಠರಾವಿನಲ್ಲಿ ತುರುಕಿದರೆ ಎರಡೂ ಬ್ಯಾಂಕುಗಳು ತಮಗೆ ಬೇಡದ ಸಾಲುಗಳ ಬಗ್ಗೆ ಪ್ರಶ್ನೆ ಎತ್ತುತ್ತವೆ. ಹೊಸ ಬ್ಯಾಂಕು ಕೆವೈಸಿಗಾಗಿ ಅಂತಿಮ ಒಡೆತನದ ವಿವರವನ್ನೂ ಕೇಳುತ್ತದೆ. ಕಂಪನಿಗಳ ವಿಷಯದಲ್ಲಿ ಅದರ ಮಿತಿ 2023ರ ಮಾರ್ಚ್‌ನಲ್ಲಿ ಶೇ. 25ರಿಂದ ಶೇ. 10ಕ್ಕೆ ಇಳಿದಿರುವುದರಿಂದ, ಕುಟುಂಬದಲ್ಲಿ ಷೇರುಗಳು ಹಂಚಿಹೋಗಿರುವ ಕಂಪನಿಗಳಲ್ಲಿ ಹಿಂದೆ ದಾಖಲೆ ಕೊಡದವರೂ ಈಗ ಕೊಡಬೇಕಾಗಬಹುದು.

ಎರಡನೆಯದು ಋಣಭಾರ, ಅಂದರೆ ಸಾಲಕ್ಕಾಗಿ ಕಂಪನಿಯ ಆಸ್ತಿಯ ಮೇಲೆ ಬ್ಯಾಂಕಿಗಿರುವ ಹಕ್ಕು. ಹಳೆಯ ಸಾಲ ತೀರಿದ 30 ದಿನಗಳೊಳಗೆ ಕಂಪನಿಗಳ ರಿಜಿಸ್ಟ್ರಾರ್ ಬಳಿ ಸಿಎಚ್‌ಜಿ-4 ನಮೂನೆ ಸಲ್ಲಿಸಿ ಹಳೆಯ ಋಣಭಾರ ತೀರಿದೆಯೆಂದು ದಾಖಲಿಸಬೇಕು. ಹೊಸ ಸಾಲದ ಋಣಭಾರವನ್ನು ಸಿಎಚ್‌ಜಿ-1 ಮೂಲಕ ನೋಂದಾಯಿಸಲಿಕ್ಕೂ 30 ದಿನಗಳ ಅವಧಿಯೇ ಇದೆ. ತಡವಾದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಸಿಎಚ್‌ಜಿ-4ಕ್ಕೆ ಹಳೆಯ ಬ್ಯಾಂಕಿನ ಅಧಿಕಾರಿಯ ಡಿಜಿಟಲ್ ಸಹಿಯೂ ಬೇಕಾಗುವುದರಿಂದ, ಬೇಬಾಕಿ ಪತ್ರ (ಬಾಕಿ ಏನೂ ಇಲ್ಲವೆಂಬ ಪತ್ರ) ಪಡೆಯುವ ದಿನವೇ ಆ ಸಹಿಯನ್ನೂ ಮಾಡಿಸಿಕೊಳ್ಳುವುದು ಜಾಣತನ. ಸಾಲ ತೀರಿಸಿ ಹೊರಟುಹೋದ ಗ್ರಾಹಕನ ಅರ್ಜಿಗೆ ಯಾವ ಶಾಖೆಯಲ್ಲೂ ಅವಸರವಿರುವುದಿಲ್ಲ. ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸಾಯ್ ದಾಖಲೆಯಲ್ಲಿರುವ ಹಳೆಯ ನಮೂದನ್ನೂ ಅವರೇ ತೆಗೆಯಬೇಕು. ಅಡಮಾನದ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ಅಲ್ಲಿಯೇ ನೋಂದಣಿಯಾಗಬೇಕು. ಆಮೇಲೆ ಕಾವೇರಿ ಜಾಲತಾಣದಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಬಿಡುಗಡೆ ಅದರಲ್ಲಿ ಕಾಣುತ್ತಿದೆಯೇ ಎಂದು ನೋಡಿ. ಹೊಸ ಅಡಮಾನಕ್ಕೆ ಮುದ್ರಾಂಕ ಶುಲ್ಕವನ್ನು ಮತ್ತೆ ಕಟ್ಟಬೇಕು. ಬಡ್ಡಿಯಲ್ಲಿ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕುವಾಗ ಮುದ್ರಾಂಕ, ಮೌಲ್ಯಮಾಪಕರ ಶುಲ್ಕ, ವಕೀಲರ ಶುಲ್ಕ, ಪ್ರಕ್ರಿಯಾ ಶುಲ್ಕ ಇಷ್ಟನ್ನೂ ಕಳೆದು ನೋಡಿ.

ಮೂರನೆಯದಾಗಿ, ಅವಧಿಗೆ ಮುನ್ನ ತೀರಿಸುವ ಶುಲ್ಕದ ವಿಷಯವನ್ನು ಗಮನವಿಟ್ಟು ಓದಿ. ರಿಸರ್ವ್ ಬ್ಯಾಂಕು 2025ರ ಜುಲೈ 2ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ವ್ಯಕ್ತಿಗಳು ಮತ್ತು ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳು ವ್ಯವಹಾರಕ್ಕಾಗಿ ಪಡೆದ ಬದಲಾಗುವ ಬಡ್ಡಿದರದ ಸಾಲಕ್ಕೆ ವಾಣಿಜ್ಯ ಬ್ಯಾಂಕುಗಳು ಈ ಶುಲ್ಕ ವಿಧಿಸುವಂತಿಲ್ಲ. ಸಣ್ಣ ಹಣಕಾಸು ಬ್ಯಾಂಕು, ಗ್ರಾಮೀಣ ಬ್ಯಾಂಕು ಮುಂತಾದವುಗಳಿಗೆ ಬೇರೆ ಮಿತಿಗಳಿವೆ. ಮುಖ್ಯವಾದ ಮಾತೆಂದರೆ, ಇದು 2026ರ ಜನವರಿ 1 ಮತ್ತು ಅದರ ನಂತರ ಮಂಜೂರಾದ ಅಥವಾ ನವೀಕರಣಗೊಂಡ ಸಾಲಗಳಿಗೆ ಅನ್ವಯಿಸುತ್ತದೆ. ಸಿ.ಸಿ. ಖಾತೆಗೆ ಅದರಲ್ಲಿ ಪ್ರತ್ಯೇಕವಾದ ಮಾತಿದೆ: ಒಪ್ಪಂದದಲ್ಲಿ ಹೇಳಿದ ಅವಧಿಗೆ ಮೊದಲೇ ನವೀಕರಣ ಬೇಡವೆಂದು ತಿಳಿಸಿ, ಗಡುವಿನ ದಿನದಂದು ಖಾತೆಯನ್ನು ಮುಚ್ಚಿದರೆ ಶುಲ್ಕವಿಲ್ಲ. ನಿಮ್ಮ ಸಿ.ಸಿ. ಕೊನೆಗೆ ನವೀಕರಣವಾದದ್ದು ಯಾವಾಗ, ಉದ್ಯಮ್ ನೋಂದಣಿಯಲ್ಲಿ ನೀವು ಯಾವ ವರ್ಗದಲ್ಲಿದ್ದೀರಿ ಎಂಬುದನ್ನು ತಿಳಿಸಿ. 2025ರ ಏಪ್ರಿಲ್‌ನಿಂದ ಸಣ್ಣ ಉದ್ಯಮದ ಮಿತಿ ಹೂಡಿಕೆಯಲ್ಲಿ 25 ಕೋಟಿ, ವಹಿವಾಟಿನಲ್ಲಿ 100 ಕೋಟಿ ಆಗಿದೆ.

ಕಾಫಿ ರಫ್ತುದಾರ, ಚಿಕ್ಕಮಗಳೂರು:

ನನ್ನದು ಬೇರೆ ಅಭಿಪ್ರಾಯ. ಎಲ್ಲವನ್ನೂ ಒಂದು ಬ್ಯಾಂಕಿನಿಂದ ತೆಗೆದು ಮತ್ತೊಂದು ಬ್ಯಾಂಕಿನಲ್ಲಿ ಇಡುವುದರಿಂದ ಹೊಸ ಬ್ಯಾಂಕಿನ ಮೇಲೆ ಹಳೆಯ ಅವಲಂಬನೆಯೇ ಮತ್ತೆ ಹುಟ್ಟಿಕೊಳ್ಳುತ್ತದೆ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಮಾರ್ಚ್ 18ರವರೆಗೆ ಹಣ ತೆಗೆಯುವ ಮಿತಿ 50,000 ರೂಪಾಯಿ ಆಗಿತ್ತು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರಿಗೆ 35,000 ರೂಪಾಯಿಯ ಮಿತಿ ಹಾಕಲಾಗಿತ್ತು. ಠೇವಣಿ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 5 ಲಕ್ಷದವರೆಗೆ ಮಾತ್ರ. ಒಂದು ತಿಂಗಳ ಸಂಬಳದ ಹಣವಾದರೂ ಬೇರೆ ಬ್ಯಾಂಕಿನ ಚಾಲ್ತಿ ಖಾತೆಯಲ್ಲಿರಬೇಕೆಂಬುದು ನನ್ನ ದೃಢವಾದ ನಂಬಿಕೆ.

ಇನ್ನೊಂದು ಮಾತು. ನೀವು ಮುಂದೆ ರಫ್ತು ಮಾಡುವ ಯೋಚನೆಯಲ್ಲಿದ್ದರೆ ಬ್ಯಾಂಕು ಬದಲಾವಣೆಯನ್ನು ಅದಕ್ಕೆ ಮೊದಲೇ ಮುಗಿಸಿಬಿಡಿ. ರಫ್ತುದಾರನಾದರೆ ಹೊಸ ಬ್ಯಾಂಕಿನ ಎ.ಡಿ. ಕೋಡನ್ನು (ವಿದೇಶಿ ವಿನಿಮಯ ವ್ಯವಹಾರಕ್ಕೆ ಬ್ಯಾಂಕಿಗಿರುವ ಸಂಖ್ಯೆ) ಕಸ್ಟಮ್ಸ್‌ನಲ್ಲಿ ನೋಂದಾಯಿಸಬೇಕು, ಐಇಸಿಯಲ್ಲಿ (ಆಮದು-ರಫ್ತುದಾರರ ಕೋಡ್) ಬ್ಯಾಂಕ್ ವಿವರ ತಿದ್ದಬೇಕು. ಹಣ ಬಾರದೆ ಬಾಕಿ ಉಳಿದಿರುವ ಶಿಪ್ಪಿಂಗ್ ಬಿಲ್ಲುಗಳು ಹಳೆಯ ಬ್ಯಾಂಕಿನ ಹೆಸರಿನಲ್ಲಿಯೇ ಇರುತ್ತವೆ. ಅವುಗಳ ಹಣ ಅಲ್ಲಿಗೇ ಬಂದು ತಾಳೆಯಾಗಬೇಕು, ಇಲ್ಲವೇ ಎರಡೂ ಬ್ಯಾಂಕುಗಳ ಒಪ್ಪಿಗೆಯಿಂದ ವರ್ಗವಾಗಬೇಕು. ಕಾಫಿಯವರು ಹೊಸ ಬೆಳೆಯ ಸಾಗಣೆ ಶುರುವಾಗುವ ಮೊದಲೇ ಈ ಕೆಲಸಕ್ಕೆ ಕೈ ಹಾಕುತ್ತಾರೆ.

ನಿವೃತ್ತ ಶಾಖಾ ವ್ಯವಸ್ಥಾಪಕ, ಉಡುಪಿ:

ರಫ್ತುದಾರ ಮಿತ್ರರ ಕಳವಳ ನ್ಯಾಯವಾದದ್ದೇ, ಆದರೆ ಸಾಲವಿರುವ ಕಂಪನಿಗೆ ಬೇರೆ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಇಡುವುದು ಕೇವಲ ತನ್ನ ಇಚ್ಛೆಯ ವಿಷಯವಲ್ಲ. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಇದರ ಮೇಲೆ ನಿರ್ಬಂಧ ಹಾಕಿತು. 2021ರ ಅಕ್ಟೋಬರ್‌ನಲ್ಲಿ, ಬ್ಯಾಂಕುಗಳಿಂದ ಪಡೆದ ಒಟ್ಟು ಸಾಲ 5 ಕೋಟಿಗಿಂತ ಕಡಿಮೆ ಇರುವವರಿಗೆ ಅದನ್ನು ಸಡಿಲಿಸಿತು. ಬೆಳಗಾವಿಯ ಮಿತ್ರರು ಆ ಮಿತಿಯ ಒಳಗೇ ಇರುವಂತೆ ಕಾಣುತ್ತದೆ. ಆದರೂ ಸಾಲ ಕೊಟ್ಟ ಬ್ಯಾಂಕು ಮಾರಾಟದ ಹಣವೆಲ್ಲ ತನ್ನ ಮೂಲಕವೇ ಬರಬೇಕೆಂದು ಮಂಜೂರಾತಿಯಲ್ಲಿ ಬರೆದಿರುತ್ತದೆ. ಅದರ ಒಪ್ಪಿಗೆಯಿಲ್ಲದೆ ಇನ್ನೊಂದು ಖಾತೆಯನ್ನು ನಡೆಸಿದರೆ ಮಾಲಿನ ಹಣವನ್ನು ಬೇರೆಡೆಗೆ ತಿರುಗಿಸಿದ ಆಕ್ಷೇಪ ಬರುತ್ತದೆ. ಆದ್ದರಿಂದ ಸಂಬಳಕ್ಕಾಗಿ ಒಂದು ಸಣ್ಣ ಖಾತೆ ಬೇರೆ ಬ್ಯಾಂಕಿನಲ್ಲಿರುತ್ತದೆ ಎಂಬುದನ್ನೂ, ಹಳೆಯ ಬ್ಯಾಂಕಿನ ಚಾಲ್ತಿ ಖಾತೆ ಕೆಲವು ತಿಂಗಳು ವಸೂಲಿಗಾಗಿ ಮಾತ್ರ ಉಳಿದು, ಬಂದ ಹಣ ಸಿ.ಸಿ. ಖಾತೆಗೆ ವರ್ಗವಾಗುತ್ತದೆ ಎಂಬುದನ್ನೂ ಮಂಜೂರಾತಿ ಪತ್ರದಲ್ಲಿಯೇ ಬರೆಸಿಕೊಳ್ಳಿ. ಸಹಿಗೆ ಮೊದಲು ಕೇಳಿದರೆ ಸುಲಭವಾಗಿ ಒಪ್ಪುತ್ತಾರೆ, ನಂತರ ಕೇಳಿದರೆ ಅದೊಂದು ಹೊಸ ಪ್ರಸ್ತಾವವಾಗಿ ಮೇಲಿನ ಕಚೇರಿಗೆ ಹೋಗುತ್ತದೆ.

ಹಳೆಯ ಖಾತೆಯನ್ನು ಉಳಿಸಿಕೊಳ್ಳಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮ ಕರಾವಳಿಯ ಅನುಭವ ಕಾರಣ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಸಿಂಡಿಕೇಟ್‌ನ ಹಳೆಯ ಐಎಫ್‌ಎಸ್‌ಸಿ ಕೋಡುಗಳು 2021ರ ಜೂನ್ ಕೊನೆಯವರೆಗೂ ನಡೆದವು. ಒಂದು ವರ್ಷಕ್ಕೂ ಹೆಚ್ಚು ಕಾಲಾವಕಾಶವಿದ್ದರೂ, ಪತ್ರಿಕೆಗಳಲ್ಲಿ ಪ್ರಕಟಣೆ ಬಂದಿದ್ದರೂ, ಜುಲೈ ತಿಂಗಳಲ್ಲಿ ಹಳೆಯ ಕೋಡಿಗೆ ಹಣ ಕಳಿಸಿ ವಾಪಸಾಯಿತೆಂದು ಕೇಳಿಕೊಂಡು ಬಂದವರು ಇದ್ದರು. ಸ್ವತಃ ಬ್ಯಾಂಕುಗಳೇ ಮಾಡಿದ ಬದಲಾವಣೆಯ ಸ್ಥಿತಿ ಹೀಗಿರುವಾಗ, ಒಂದು ಕಂಪನಿ ಕಳಿಸಿದ ಪತ್ರವನ್ನು ಗ್ರಾಹಕರೆಲ್ಲರೂ ಒಂದೇ ತಿಂಗಳಲ್ಲಿ ಓದಿ, ತಮ್ಮ ದಾಖಲೆ ತಿದ್ದುತ್ತಾರೆಂದು ನಿರೀಕ್ಷಿಸಲಾಗದು.

ಉದ್ಯಮಬಾಗ್ ಉದ್ಯಮಿ, ಬೆಳಗಾವಿ:

ಎಲ್ಲರಿಗೂ ಧನ್ಯವಾದಗಳು. ಮೇಡಂ, ಉದ್ಯಮ್ ನೋಂದಣಿಯಲ್ಲಿ ನಾವು ಸಣ್ಣ ಉದ್ಯಮ. ಸಿ.ಸಿ. ಕೊನೆಗೆ ನವೀಕರಣವಾದದ್ದು 2025ರ ಜೂನ್‌ನಲ್ಲಿ. ಗ್ರಾಹಕರ ವಿಷಯದಲ್ಲಿ ಒಂದು ಆತಂಕವಿದೆ. ದೊಡ್ಡ ಕಂಪನಿಯೊಂದಕ್ಕೆ ಖಾತೆ ಬದಲಾಗಲಿದೆಯೆಂದು ಸುಮ್ಮನೆ ಫೋನಿನಲ್ಲಿ ತಿಳಿಸಿದಾಗ, ಬದಲಾವಣೆ ಪೂರ್ತಿಯಾಗುವವರೆಗೆ ಪಾವತಿಯನ್ನು ತಡೆಹಿಡಿಯಬೇಕಾಗಬಹುದು ಎಂದರು. ಹಾಗಾದರೆ ನಮ್ಮ ಹಣದ ಓಡಾಟವೇ ನಿಲ್ಲುತ್ತದೆ.

ಖರೀದಿ ಲೆಕ್ಕ ವಿಭಾಗ, ಪೀಣ್ಯ:

ನಾನು ಆ ಕಡೆಯ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವನಾದ್ದರಿಂದ ನಮ್ಮ ಎಚ್ಚರಿಕೆಯ ಕಾರಣವನ್ನು ಹೇಳುತ್ತೇನೆ. ಪೂರೈಕೆದಾರರ ಇ-ಮೇಲ್ ಖಾತೆಗೆ ನುಗ್ಗಿ, ಅವರದೇ ಲೆಟರ್‌ಹೆಡ್ಡಿನಲ್ಲಿ “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಪಾವತಿಯನ್ನು ಇಲ್ಲಿಗೆ ಕಳಿಸಿ” ಎಂದು ಬರೆಯುವ ವಂಚನೆ ಬಹಳ ಸಾಮಾನ್ಯವಾಗಿದೆ. ನಿಮ್ಮ ನಿಜವಾದ ಪತ್ರವೂ ಆ ಸುಳ್ಳು ಪತ್ರವೂ ನೋಡಲು ಒಂದೇ ಬಗೆಯಲ್ಲಿರುತ್ತವೆ. ಆದ್ದರಿಂದ ನಮ್ಮಲ್ಲಿ ಇ-ಮೇಲ್ ಬಂದ ಮಾತ್ರಕ್ಕೆ ಖಾತೆ ಬದಲಿಸುವುದಿಲ್ಲ. ಪತ್ರದಲ್ಲಿ ಕೊಟ್ಟ ಫೋನ್ ಸಂಖ್ಯೆಗೂ ಕರೆ ಮಾಡುವುದಿಲ್ಲ. ನಮ್ಮ ಹಳೆಯ ಕಡತದಲ್ಲಿರುವ ಸಂಖ್ಯೆಗೆ ಕರೆ ಮಾಡಿ, ಪರಿಚಿತ ವ್ಯಕ್ತಿಯೊಂದಿಗೆ ಮಾತನಾಡಿ, ಖಾತೆಯ ಕೊನೆಯ ಅಂಕಿಗಳನ್ನು ಅವರ ಬಾಯಿಂದಲೇ ಕೇಳುತ್ತೇವೆ. 2025ರ ಏಪ್ರಿಲ್‌ನಿಂದ ಆರ್‌ಟಿಜಿಎಸ್ ಮತ್ತು ಎನ್‌ಇಎಫ್‌ಟಿಯಲ್ಲಿ ಹಣ ಕಳಿಸುವ ಮೊದಲೇ ಫಲಾನುಭವಿಯ ಹೆಸರು ನೋಡುವ ಸೌಲಭ್ಯ ಬಂದಿದೆ. ಅದನ್ನೂ ಬಳಸಿ, ಒಂದು ರೂಪಾಯಿ ಕಳಿಸಿ ಖಚಿತಪಡಿಸಿಕೊಂಡ ಮೇಲೆಯೇ ದಾಖಲೆ ತಿದ್ದುತ್ತೇವೆ.

ನೀವು ಮಾಡಬೇಕಾದದ್ದು ಇಷ್ಟು. ಲೆಟರ್‌ಹೆಡ್ಡಿನಲ್ಲಿ ನಿರ್ದೇಶಕರ ಸಹಿಯಿರುವ ಪತ್ರ, ಕಂಪನಿಯ ಹೆಸರು ಮುದ್ರಿತವಾದ ರದ್ದು ಮಾಡಿದ ಚೆಕ್, ಹೊಸ ಬ್ಯಾಂಕಿನ ದೃಢೀಕರಣ ಪತ್ರ ಈ ಮೂರನ್ನೂ ಒಟ್ಟಿಗೆ ಕಳಿಸಿ. ಗ್ರಾಹಕರಿಗೆ ಪೂರೈಕೆದಾರರ ಪೋರ್ಟಲ್ ಇದ್ದರೆ ಅಲ್ಲಿಯೂ ಏರಿಸಿ. ಹಳೆಯ ಖಾತೆಯೂ ಇನ್ನು ಕೆಲವು ತಿಂಗಳು ಚಾಲ್ತಿಯಲ್ಲಿರುತ್ತದೆ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಆ ಒಂದು ಸಾಲಿದ್ದರೆ, ಪರಿಶೀಲನೆ ಮುಗಿಯುವವರೆಗೆ ಹಳೆಯ ಖಾತೆಗೇ ಪಾವತಿ ಮಾಡುತ್ತೇವೆ, ತಡೆಹಿಡಿಯುವ ಪ್ರಮೇಯ ಬರುವುದಿಲ್ಲ. ಇನ್‌ವಾಯ್ಸಿನ ಕೆಳಭಾಗದಲ್ಲಿ ಮುದ್ರಿತವಾಗುವ ಬ್ಯಾಂಕ್ ವಿವರವನ್ನು ಮಾತ್ರ ಪತ್ರ ಕಳಿಸುವ ಮೊದಲೇ ಬದಲಿಸಬೇಡಿ. ದಾಖಲೆಯಲ್ಲೊಂದು, ಬಿಲ್ಲಿನಲ್ಲೊಂದು ಖಾತೆ ಕಂಡರೆ ನಮ್ಮ ವ್ಯವಸ್ಥೆಯಲ್ಲಿ ಬಿಲ್ಲು ಅಲ್ಲಿಯೇ ನಿಲ್ಲುತ್ತದೆ. ಬದಲಾವಣೆಯ ಅವಧಿಯಲ್ಲಿ ನಿಮ್ಮ ಹೆಸರಿನಲ್ಲಿ ಯಾರಾದರೂ ಸುಳ್ಳು ಪತ್ರ ಕಳಿಸಿ ಹಣ ಹೋಗಿದೆಯೆಂದು ತಿಳಿದರೆ, ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ:

2025ರ ಜೂನ್‌ನಲ್ಲಿ ನವೀಕರಣವಾಗಿದೆಯೆಂದರೆ ನಿಮ್ಮ ಈಗಿನ ಸಿ.ಸಿ.ಗೆ ಹೊಸ ನಿರ್ದೇಶನ ಅನ್ವಯಿಸುವುದಿಲ್ಲ, ನಿಮ್ಮ ಒಪ್ಪಂದದಲ್ಲಿ ಬರೆದದ್ದೇ ನಡೆಯುತ್ತದೆ. ಅವಧಿ ಸಾಲಕ್ಕೂ ಅದೇ ಮಾತು. ಆದ್ದರಿಂದ ಒಪ್ಪಂದದ ಪ್ರತಿಯನ್ನು ತೆಗೆದು, ಗಡುವಿನ ದಿನ ಮುಚ್ಚಿದರೆ ಎಷ್ಟು, ಅದಕ್ಕೆ ಮೊದಲು ಮುಚ್ಚಿದರೆ ಎಷ್ಟು ಎಂದು ಲಿಖಿತವಾಗಿ ಕೇಳಿ. ಕೆಲವು ವಾರ ಕಾದರೆ ಶುಲ್ಕ ಉಳಿಯುವಂತಿದ್ದರೆ ಕಾಯುವುದೇ ಒಳ್ಳೆಯದು.

ತಿಂಗಳಿನ ಯಾವ ಭಾಗದಲ್ಲಿ ಬದಲಿಸಬೇಕೆಂಬುದಕ್ಕೆ ತೆರಿಗೆಯ ಗಡುವುಗಳೇ ಉತ್ತರ ಹೇಳುತ್ತವೆ. 7ರೊಳಗೆ ಸಂಬಳ ಮತ್ತು ಟಿಡಿಎಸ್, 15ರೊಳಗೆ ಪಿಎಫ್ ಮತ್ತು ಇಎಸ್‌ಐ, 20ರೊಳಗೆ ಜಿಎಸ್‌ಟಿ. ಆದ್ದರಿಂದ 20 ದಾಟಿದ ಮೇಲಿನ ವಾರದಲ್ಲಿ ಸಾಲ ವರ್ಗವಾಗುವಂತೆ ನೋಡಿಕೊಳ್ಳಿ, ಮಾರ್ಚ್ ತಿಂಗಳನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಜಿಎಸ್‌ಟಿ ನೋಂದಣಿಯಲ್ಲಿ ಹೊಸ ಖಾತೆಯನ್ನು ಸೇರಿಸಿ, ಅದು ದೃಢವಾದ ಮೇಲಷ್ಟೇ ಹಳೆಯದನ್ನು ತೆಗೆಯಿರಿ. ಆದಾಯ ತೆರಿಗೆಯ ಜಾಲತಾಣದಲ್ಲಿ ಮರುಪಾವತಿಗಾಗಿ ಹೊಸ ಖಾತೆಯನ್ನು ಮೊದಲೇ ದೃಢೀಕರಿಸಿ. ಸಂಬಳದ ಅಪ್‌ಲೋಡ್ ಕಡತದ ನಮೂನೆ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗಿರುವುದರಿಂದ, ಮೊದಲ ಸಂಬಳಕ್ಕೆ ಮುನ್ನ ಇಬ್ಬರು ಮೂವರು ನೌಕರರ ಖಾತೆಗೆ ಸಣ್ಣ ಮೊತ್ತ ಕಳಿಸಿ ಪರೀಕ್ಷಿಸಿ. ಒಬ್ಬರು ನಮೂದಿಸಿ, ಇನ್ನೊಬ್ಬರು ಅನುಮೋದಿಸುವ ವ್ಯವಸ್ಥೆಯನ್ನು ಮೊದಲ ದಿನದಿಂದಲೇ ಹಾಕಿಸಿಕೊಳ್ಳಿ.

ಹಳೆಯ ಖಾತೆಯ ಚೆಕ್ಕುಗಳ ಬಗ್ಗೆ ಮಾತ್ರ ಬಹಳ ಕಟ್ಟುನಿಟ್ಟಾಗಿರಿ. ಫೌಂಡ್ರಿಯವರಿಗೆ ಮುಂದಿನ ದಿನಾಂಕದ ಚೆಕ್ಕುಗಳನ್ನು ಕೊಟ್ಟಿದ್ದರೆ, ಪ್ರತಿಯೊಂದನ್ನೂ ಮರಳಿ ಪಡೆದು ಹೊಸ ಚೆಕ್ ಕೊಡುವವರೆಗೆ ಖಾತೆಯನ್ನು ಮುಚ್ಚಬಾರದು. ಖಾತೆ ಮುಚ್ಚಿದೆ ಎಂಬ ಕಾರಣಕ್ಕೆ ಚೆಕ್ ಮರಳಿದರೂ ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ (ಚೆಕ್ ಬೌನ್ಸ್) ಅಪರಾಧವೇ ಆಗುತ್ತದೆಂದು ಸುಪ್ರೀಂ ಕೋರ್ಟು 1999ರಲ್ಲಿಯೇ ಹೇಳಿದೆ. ವಾಹನ ಸಾಲದ ಕಂತು, ವಿಮೆಯ ಕಂತು ಮುಂತಾದವನ್ನು ಖಾತೆಯಿಂದ ತಾನಾಗಿ ಕಡಿತಗೊಳಿಸುವ ನಾಚ್ ಆದೇಶಗಳೂ ಹೊಸ ಖಾತೆಗೆ ತಾವಾಗಿಯೇ ಬರುವುದಿಲ್ಲ. ಒಂದು ವರ್ಷದ ಸ್ಟೇಟ್‌ಮೆಂಟನ್ನು ಮುಂದಿಟ್ಟುಕೊಂಡು, ಪ್ರತಿ ತಿಂಗಳು ಅಥವಾ ವರ್ಷಕ್ಕೊಮ್ಮೆ ಕಡಿತವಾಗುವ ಪ್ರತಿಯೊಂದು ಮೊತ್ತವನ್ನೂ ಗುರುತು ಹಾಕಿ.

ಉದ್ಯಮಬಾಗ್ ಉದ್ಯಮಿ, ಬೆಳಗಾವಿ:

ಬಹಳ ಉಪಕಾರವಾಯಿತು. ಗ್ಯಾರಂಟಿಗಳ ವಿಷಯವೊಂದು ಉಳಿದಿದೆ. ನಿಗಮವೊಂದರ ಬಳಿ ನಮ್ಮ ಕಾರ್ಯನಿರ್ವಹಣಾ ಗ್ಯಾರಂಟಿ ಇದೆ, ಅದರ ಅವಧಿ ಮುಗಿಯಲು ಇನ್ನೂ ಬಹಳ ಸಮಯವಿದೆ. ಅದಿರುವವರೆಗೆ ಜಾಗದ ಪತ್ರಗಳನ್ನು ಬಿಡುವುದಿಲ್ಲವೆಂದು ಹಳೆಯ ಶಾಖೆಯವರು ಹೇಳುತ್ತಾರೆ. ಇದು ಸರಿಯೇ?

ನಿವೃತ್ತ ಶಾಖಾ ವ್ಯವಸ್ಥಾಪಕ, ಉಡುಪಿ:

ಅವರ ನಿಲುವು ಸರಿಯಾದದ್ದೇ. ಸಾಲ ತೀರಿದರೂ ಗ್ಯಾರಂಟಿಯ ಹೊಣೆ ಬ್ಯಾಂಕಿನ ಪುಸ್ತಕದಲ್ಲಿರುತ್ತದೆ. ಮುದ್ರಾಂಕ ಕಾಗದದ ಮೇಲಿನ ಮೂಲ ಗ್ಯಾರಂಟಿ ಮರಳಿ ಬರಬೇಕು, ಅಥವಾ ಅವಧಿಯೂ ಅದರ ಮೇಲಿನ ಕ್ಲೇಮ್ ಅವಧಿಯೂ (ನಿಗಮವು ಹಣ ಕೇಳಬಹುದಾದ ಕಾಲ) ಮುಗಿಯಬೇಕು. ಅಲ್ಲಿಯವರೆಗೆ ಅವರಿಗೆ ಭದ್ರತೆ ಬೇಕು. ಆದರೆ ಆ ಭದ್ರತೆ ನಿಮ್ಮ ಕಾರ್ಖಾನೆಯ ಜಾಗವೇ ಆಗಬೇಕೆಂದಿಲ್ಲ.

ನಿಮಗೆ ಮೂರು ದಾರಿಗಳಿವೆ. ಹೊಸ ಬ್ಯಾಂಕಿನಿಂದ ಅದೇ ಮೊತ್ತದ, ಅದೇ ಷರತ್ತುಗಳ ಗ್ಯಾರಂಟಿ ಮಾಡಿಸಿ, ನಿಗಮಕ್ಕೆ ಕೊಟ್ಟು, ಹಳೆಯ ಮೂಲವನ್ನು ಬಿಡಿಸಿಕೊಳ್ಳುವುದು ಉತ್ತಮ. ಆದರೆ ಸರ್ಕಾರಿ ಕಚೇರಿಯಲ್ಲಿ ಆ ಕಡತ ಎಂಜಿನಿಯರಿಂಗ್ ವಿಭಾಗದಿಂದ ಲೆಕ್ಕ ವಿಭಾಗಕ್ಕೆ, ಅಲ್ಲಿಂದ ಸಹಿಗೆ ಹೋಗಿ ಬರಲು ಕಾಲ ಹಿಡಿಯುತ್ತದೆ, ಖುದ್ದಾಗಿ ಹೋಗಿ ವಿಚಾರಿಸುತ್ತಿರಬೇಕು. ಎರಡನೆಯದು, ಹೊಸ ಬ್ಯಾಂಕು ಹಳೆಯ ಬ್ಯಾಂಕಿನ ಹೆಸರಿಗೆ ಪ್ರತಿ-ಗ್ಯಾರಂಟಿ ಕೊಡುವುದು. ಇದರಲ್ಲಿ ಎರಡು ಕಡೆ ಕಮಿಷನ್ ತೆರಬೇಕು. ಮೂರನೆಯದು, ಗ್ಯಾರಂಟಿಯ ಪೂರ್ಣ ಮೊತ್ತವನ್ನು ಹಳೆಯ ಬ್ಯಾಂಕಿನಲ್ಲಿಯೇ ಠೇವಣಿ ಇಟ್ಟು, ಜಾಗದ ಪತ್ರಗಳನ್ನು ಬಿಡಿಸಿಕೊಳ್ಳುವುದು. ಮೊತ್ತ ಸಣ್ಣದಾಗಿದ್ದರೆ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ಠೇವಣಿಗೆ ಬಡ್ಡಿ ಬರುತ್ತದೆ ಮತ್ತು ಮೂರನೆಯವರ ಕಚೇರಿಯನ್ನು ಕಾಯಬೇಕಾಗಿಲ್ಲ. ನಿಮ್ಮ ಗ್ಯಾರಂಟಿಗಳ ಪಟ್ಟಿಯನ್ನು ಮೊತ್ತ, ಅವಧಿ ಮತ್ತು ಕ್ಲೇಮ್ ದಿನಾಂಕಗಳೊಂದಿಗೆ ಸಿದ್ಧಪಡಿಸಿ, ಹೊಸ ಬ್ಯಾಂಕಿಗೆ ಈಗಲೇ ಕೊಡಿ. ಗ್ಯಾರಂಟಿ ಮಿತಿಯನ್ನು ಮಂಜೂರಾತಿಯಲ್ಲಿ ಸೇರಿಸದಿದ್ದರೆ ಮೊದಲ ಎರಡು ದಾರಿಗಳು ತೆರೆಯುವುದೇ ಇಲ್ಲ.

ಉದ್ಯಮಬಾಗ್ ಉದ್ಯಮಿ, ಬೆಳಗಾವಿ:

ಹಾಗಾದರೆ ಗ್ಯಾರಂಟಿಗಳ ಪಟ್ಟಿಯಿಂದಲೇ ಶುರು ಮಾಡುತ್ತೇನೆ. ಜೂನ್ ಗಡುವಿನ ದಿನವೇ ಸಿ.ಸಿ. ಮುಚ್ಚುವಂತೆ ಹೊಸ ಬ್ಯಾಂಕಿನೊಂದಿಗೆ ಮಾತನಾಡುತ್ತೇನೆ. ದೊಡ್ಡ ಗ್ಯಾರಂಟಿಗೆ ಬದಲಿ ಕೊಟ್ಟು, ಸಣ್ಣವಕ್ಕೆ ಠೇವಣಿ ಇಡುವ ಯೋಚನೆಯಿದೆ. ಮೇಡಂ, ಹಳೆಯ ಚಾಲ್ತಿ ಖಾತೆಯನ್ನು ಕೊನೆಗೆ ಯಾವಾಗ ಮುಚ್ಚಬಹುದು?

ಲೆಕ್ಕಪರಿಶೋಧಕಿ, ಹುಬ್ಬಳ್ಳಿ:

ತಿಂಗಳುಗಳ ಲೆಕ್ಕದಲ್ಲಿ ಹೇಳುವುದಕ್ಕಿಂತ ಹೀಗೆ ಹೇಳುತ್ತೇನೆ: ಎಲ್ಲ ಗ್ರಾಹಕರಿಂದ ಹೊಸ ಖಾತೆಗೆ ಒಮ್ಮೆಯಾದರೂ ಹಣ ಬಂದಿರಬೇಕು, ಹೊರಗೆ ಯಾವ ಚೆಕ್ಕೂ ಉಳಿದಿರಬಾರದು, ಬಾಕಿಯಿರುವ ತೆರಿಗೆ ಮರುಪಾವತಿಗಳು ಬಂದಿರಬೇಕು, ಆ ವರ್ಷದ ಲೆಕ್ಕಪರಿಶೋಧನೆ ಮುಗಿದಿರಬೇಕು. ಠೇವಣಿಯ ಮೇಲಿನ ಗ್ಯಾರಂಟಿ ಉಳಿದಿದ್ದರೆ ಅದರ ಕಮಿಷನ್ ಕಡಿತಕ್ಕೂ ಖಾತೆ ಬೇಕಾಗುತ್ತದೆ. ಮುಚ್ಚುವ ಮೊದಲು ಎಲ್ಲ ಸ್ಟೇಟ್‌ಮೆಂಟುಗಳನ್ನೂ ಇಳಿಸಿಕೊಳ್ಳಿ. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಎಂಟು ಹಣಕಾಸು ವರ್ಷ ಇಡಬೇಕು, ಖಾತೆ ಮುಚ್ಚಿದ ದಿನದಿಂದ ನೆಟ್ ಬ್ಯಾಂಕಿಂಗ್ ಪ್ರವೇಶ ಇರುವುದಿಲ್ಲ. ಉಳಿದ ಚೆಕ್ ಪುಸ್ತಕಗಳನ್ನು ಶಾಖೆಗೆ ಮರಳಿಸಿ ಸ್ವೀಕೃತಿ ಪಡೆಯಿರಿ, ಖಾತೆ ಮುಚ್ಚಿದ ಪತ್ರದ ಮೇಲೆ ಶಾಖೆಯ ಮೊಹರು ಹಾಕಿಸಿಕೊಳ್ಳಿ.